ನೀರು ಹೊತ್ತವರಿಗೆ ಗೊತ್ತಿತ್ತು



ಮದುವೆ ಊಟ ಮುಗಿಸಿ ಬಂದವರನ್ನು ಒಮ್ಮೆ ಮಾತಾಡಿಸಿ ನೋಡಿ. ಎಷ್ಟು ಬಗೆಯ ಸಿಹಿ ಇತ್ತು, ಪಲಾವು ಹೇಗಿತ್ತು, ಐಸ್‌ಕ್ರೀಮ್ ಸಿಕ್ಕಿತೇ ಇಲ್ಲವೇ, ಎಲ್ಲವನ್ನೂ ಪಾಠದಂತೆ ಒಪ್ಪಿಸುತ್ತಾರೆ. ಅಡುಗೆ ಮಾಡಿದವರು ಯಾರು ಎಂದು ಕೇಳಿದರೆ ಮಾತ್ರ ಒಂದೇ ಉತ್ತರ: 'ಯಾರೋ ಕೇಟರಿಂಗ್‌ನವರು.' ಉಂಡದ್ದು ನೆನಪಿರುತ್ತದೆ, ಉಣಬಡಿಸಿದ ಕೈ ನೆನಪಿರುವುದಿಲ್ಲ.

ಈ ತಿಂಗಳು ಎರಡು ಊರುಗಳ ಬಗ್ಗೆ ನಿಮ್ಮೊಡನೆ ಮಾತಾಡಬೇಕೆನಿಸಿದೆ. ಒಂದು ಊರಿನಲ್ಲಿ ಅನ್ನಪಾನಗಳ ಕಥೆಯನ್ನು ನೋಡಲು ಜನ ಟಿಕೆಟ್ ಕೊಂಡು ಒಳಗೆ ಹೋಗುತ್ತಾರೆ. ಇನ್ನೊಂದರಲ್ಲಿ ಅದೇ ಕಥೆ ಬೀದಿಯಲ್ಲೇ ನಡೆಯುತ್ತಿದ್ದರೂ ನೋಡುವವರಿಲ್ಲ. ಮೊದಲನೆಯದು ಪೋರ್ಚುಗಲ್ ದೇಶದ ವಿಲಾ ನೋವಾ ದ ಗಾಯಾ. ಎರಡನೆಯದು ನಮಗೆ ಹತ್ತಿರದ ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ.

ಹೊಳೆದಂಡೆಯ ಉಗ್ರಾಣಗಳು

2023ರ ಆಗಸ್ಟ್ 1ರಿಂದ 6ರವರೆಗೆ ಲಿಸ್ಬನ್ ನಗರದಲ್ಲಿ ವಿಶ್ವ ಯುವಜನ ದಿನ ನಡೆಯಿತು. ಅದು ಮುಗಿದ ಮೇಲೆ ನಾವು ಫಾತಿಮಾ ಮಾತೆಯ ಪುಣ್ಯಕ್ಷೇತ್ರವನ್ನು ಸಂದರ್ಶಿಸಿ ಉತ್ತರದ ಪೋರ್ತೊ ನಗರಕ್ಕೆ ಹೋದೆವು. ಅಲ್ಲಿ ಡೌರೊ ಎಂಬ ನದಿ ಸಮುದ್ರ ಸೇರುತ್ತದೆ. ನದಿಯ ಈ ದಡ ಪೋರ್ತೊ, ಆ ದಡ ಗಾಯಾ. ನಡುವೆ 1886ರಲ್ಲಿ ಕಟ್ಟಿದ ಎರಡು ಅಂತಸ್ತಿನ ಕಬ್ಬಿಣದ ಸೇತುವೆ. ಸೇತುವೆ ದಾಟಿದರೆ ಇಳಿಜಾರಿನ ತುಂಬ ಕೆಂಪು ಹೆಂಚಿನ ಉದ್ದುದ್ದ ಉಗ್ರಾಣಗಳು. ಒಂದು ಕಾಲಕ್ಕೆ ಅವುಗಳ ತುಂಬ ಪೋರ್ಟ್ ಎಂಬ ಸಿಹಿ ದ್ರಾಕ್ಷಾರಸದ ಮರದ ಪೀಪಾಯಿಗಳಿದ್ದವು.

ದ್ರಾಕ್ಷಿ ಬೆಳೆಯುವುದು ಗಾಯಾದಲ್ಲಲ್ಲ. ನದಿಯಗುಂಟ ಬಹುದೂರ ಮೇಲಕ್ಕೆ, ಸ್ಲೇಟಿನಂಥ ಕಲ್ಲಿನ ಗುಡ್ಡಗಳಲ್ಲಿ. ಆ ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಕಲ್ಲಿನ ಒಡ್ಡು ಕಟ್ಟಿ ಬಳ್ಳಿ ನೆಟ್ಟಿದ್ದಾರೆ. 1756ರಷ್ಟು ಹಿಂದೆಯೇ ಸರಕಾರ ಆ ಸೀಮೆಗೆ ಗಡಿ ಹಾಕಿ, ಅದರೊಳಗಿನ ಹಣ್ಣಿನಿಂದ ಮಾತ್ರ ಈ ರಸ ಆಗಬೇಕೆಂದು ಕಟ್ಟಳೆ ಮಾಡಿತು. ಹಣ್ಣನ್ನು ಕಲ್ಲಿನ ತೊಟ್ಟಿಗೆ ಸುರಿದು ಕಾಲಿನಿಂದ ತುಳಿಯುತ್ತಿದ್ದರು. ರಸ ಹುಳಿಯುತ್ತಿರುವಾಗಲೇ ದ್ರಾಕ್ಷಿಯಿಂದ ಭಟ್ಟಿ ಇಳಿಸಿದ ಮದ್ಯವನ್ನು ಬೆರೆಸಿದರೆ ಹುಳಿಯುವುದು ಅಲ್ಲಿಗೇ ನಿಂತು ಹಣ್ಣಿನ ಸಿಹಿ ಉಳಿಯುತ್ತದೆ. ಪೀಪಾಯಿಗಳನ್ನು ಚಪ್ಪಟೆ ತಳದ ದೋಣಿಗಳಲ್ಲಿ ಹೊಳೆಯಗುಂಟ ಗಾಯಾಕ್ಕೆ ಇಳಿಸುತ್ತಿದ್ದರು. ಉತ್ತರಕ್ಕೆ ಮುಖಮಾಡಿದ, ಸಮುದ್ರದ ಗಾಳಿಯ ತಂಪಿರುವ ಈ ಇಳಿಜಾರಿನಲ್ಲಿ ಅದು ವರ್ಷಗಟ್ಟಲೆ ಮಾಗುತ್ತಿತ್ತು.

1986ರವರೆಗೆ ಪೋರ್ಟ್ ದ್ರಾಕ್ಷಾರಸ ಗಾಯಾದ ಉಗ್ರಾಣಗಳಿಂದಲೇ ಪರದೇಶಕ್ಕೆ ಹೋಗಬೇಕೆಂಬ ನಿಯಮವಿತ್ತು. ನಿಯಮ ಸಡಿಲವಾದ ಮೇಲೆ ಕೆಲವು ಕಟ್ಟಡಗಳು ಬರಿದಾಗುತ್ತ ಬಂದವು. ಹಾಗೆ ಬಿಟ್ಟಿದ್ದರೆ ಅವು ಪಾಳು ಬೀಳುತ್ತಿದ್ದವು, ಇಲ್ಲವೆ ಅಲ್ಲಿ ಬಹುಮಹಡಿ ವಸತಿಗಳು ಏಳುತ್ತಿದ್ದವು. ಅಲ್ಲಿನ ಹಳೆಯ ಕಂಪನಿಯೊಂದು ಹತ್ತು ಕೋಟಿ ಯೂರೋಗೂ ಹೆಚ್ಚು ಹಣ ಹಾಕಿ ಅವನ್ನು ದುರಸ್ತಿ ಮಾಡಿಸಿ, 2020ರಲ್ಲಿ 'ವರ್ಲ್ಡ್ ಆಫ್ ವೈನ್' ಎಂಬ ಹೆಸರಿನಲ್ಲಿ ವಸ್ತುಸಂಗ್ರಹಾಲಯಗಳ ಒಂದು ಪೇಟೆಯನ್ನೇ ತೆರೆಯಿತು. ದ್ರಾಕ್ಷಾರಸಕ್ಕೊಂದು, ಚಾಕೊಲೇಟಿಗೊಂದು, ಬಿರಡೆಯ ಕಾರ್ಕಿಗೊಂದು, ಸಾವಿರಾರು ವರ್ಷಗಳಿಂದ ಮನುಷ್ಯ ಕುಡಿಯಲು ಬಳಸಿದ ಬಟ್ಟಲುಗಳಿಗೊಂದು ಸಂಗ್ರಹಾಲಯ. ತೆರೆದ ಕಾಲದಲ್ಲಿ ಆ ಸೀಮೆಯ ಬಟ್ಟೆ, ಉಡುಗೆಗಳಿಗೂ ಒಂದನ್ನು ಮಾಡಿದ್ದರು. ನಡುವಿನ ಅಂಗಳದಲ್ಲಿ ನಿಂತರೆ ಕೆಳಗೆ ಹೊಳೆ, ಎದುರಿಗೆ ಪೋರ್ತೊ ನಗರದ ಗೋಪುರಗಳು.

ಅಜ್ಜ ನೆಟ್ಟ ಮರ

ಅಲ್ಲಿ ನಮ್ಮ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ದ್ರಾಕ್ಷಾರಸವಲ್ಲ, ಬಾಟಲಿಯ ಬಾಯಿಗೆ ಹಾಕುವ ಬಿರಡೆ. ಕಾರ್ಕ್ ಎಂಬುದು ಒಂದು ಜಾತಿಯ ಓಕ್ ಮರದ ತೊಗಟೆ. ಜಗತ್ತಿನ ಕಾರ್ಕಿನಲ್ಲಿ ಸುಮಾರು ಅರ್ಧದಷ್ಟು ಪೋರ್ಚುಗಲ್ಲಿನದೇ. ಮರವನ್ನು ಕಡಿಯುವುದಿಲ್ಲ, ನುರಿತವರು ಕೊಡಲಿಯಿಂದ ತೊಗಟೆಯನ್ನಷ್ಟೇ ಸುಲಿಯುತ್ತಾರೆ. ಸಸಿ ನೆಟ್ಟು ಸುಮಾರು 25 ವರ್ಷವಾದ ಮೇಲೆ ಮೊದಲ ಸುಲಿಗೆ. ಆಮೇಲೆ ಒಂಬತ್ತು ವರ್ಷಕ್ಕೊಮ್ಮೆ. ಮೊದಲೆರಡು ಸಲ ಬಂದ ತೊಗಟೆ ಬಾಟಲಿಗೆ ಆಗದು, ಮೂರನೆಯದರಿಂದಲೇ ಒಳ್ಳೆಯ ಬಿರಡೆ ಸಿಗುವುದು. ಲೆಕ್ಕ ಹಾಕಿರಿ: ಇಂದು ಸಸಿ ನೆಟ್ಟವನು ನಲವತ್ತು ವರ್ಷಕ್ಕೂ ಹೆಚ್ಚು ಕಾಯಬೇಕು. ಎಂದರೆ ಅಜ್ಜ ನೆಡುತ್ತಾನೆ, ಮೊಮ್ಮಗ ಸುಲಿಯುತ್ತಾನೆ.

ನಮ್ಮ ತಂಡದ ಹುಡುಗನೊಬ್ಬ ಆಗ ಕೇಳಿದ: "ಫಾದರ್, ಇವರು ಬಿರಡೆಗೂ ಮ್ಯೂಸಿಯಂ ಕಟ್ಟಿದ್ದಾರೆ. ನಮ್ಮೂರಲ್ಲಿ ಇಂಥದ್ದು ಏನಿದೆ?" ಆ ಪ್ರಶ್ನೆಗೆ ಉತ್ತರ ದೊರೆತದ್ದು ಸೊಲ್ಲಾಪುರದಲ್ಲಿ.

ಎಂಐಡಿಸಿಯ ಮನೆಯೊಂದರಲ್ಲಿ

ಸೊಲ್ಲಾಪುರ ನಮಗೆ ಪರವೂರಲ್ಲ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮರು ಕೆರೆ ಕಟ್ಟಿಸಿದ ಸೊನ್ನಲಿಗೆಯೇ ಅದು. ರಾಜ್ಯ ಮಹಾರಾಷ್ಟ್ರವಾದರೂ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ಮನೆಮನೆಗಳಲ್ಲಿ ಕನ್ನಡ ಕೇಳುತ್ತದೆ. ಭೀಮಾ ನದಿ ಕೆಲವು ದೂರ ಎರಡು ರಾಜ್ಯಗಳ ನಡುವಿನ ಗಡಿಯಾಗಿಯೇ ಹರಿಯುತ್ತದೆ. ಪೋರ್ತೊ, ಗಾಯಾಗಳಂತೆ ಇಲ್ಲಿಯೂ ಒಂದು ಹೊಳೆ, ಎರಡು ದಡ. ಎರಡೂ ದಡದ ತಟ್ಟೆಯಲ್ಲಿ ಮಾತ್ರ ಒಂದೇ ಜೋಳದ ರೊಟ್ಟಿ.

ಅಕ್ಕಲಕೋಟ ರಸ್ತೆಯ ಕೈಗಾರಿಕಾ ವಸಾಹತು ಚಾದರ ಮತ್ತು ಟವೆಲ್ ಕಾರ್ಖಾನೆಗಳಿಗೆ ಹೆಸರಾದದ್ದು. ಅಲ್ಲಿ ಮಗ್ಗದ ಕೆಲಸ ಮಾಡುವ ಕಲಬುರಗಿ ಕಡೆಯ ಒಂದು ಕುಟುಂಬ ನಮ್ಮನ್ನು ಊಟಕ್ಕೆ ಕರೆದಿತ್ತು. ಟವೆಲ್ಲಿಗೆ ಆ ಮೆತ್ತನೆಯ ಗುಣ ಎಲ್ಲಿಂದ ಬರುತ್ತದೆಂದು ಮನೆಯ ಯಜಮಾನರು ವಿವರಿಸಿದರು. ಅದಕ್ಕೆ ಒಂದಲ್ಲ, ಎರಡು ಹಾಸು. ಒಂದು ಹಾಸನ್ನು ಬಿಗಿಯಾಗಿ ಎಳೆದಿರುತ್ತಾರೆ, ಇನ್ನೊಂದನ್ನು ಸಡಿಲ ಬಿಡುತ್ತಾರೆ. ಕೆಲವು ಹೊಕ್ಕುಗಳನ್ನು ಒಟ್ಟಿಗೆ ತಳ್ಳಿದಾಗ ಸಡಿಲ ಬಿಟ್ಟ ನೂಲು ಕುಣಿಕೆಯಾಗಿ ಮೇಲೇಳುತ್ತದೆ. ನೀರು ಹೀರುವುದು ಆ ಕುಣಿಕೆ. "ಒಂದು ಬಿಗಿ ಇರಬೇಕ್ರಿ ಫಾದರ್, ಒಂದು ಸಡಿಲ ಇರಬೇಕು. ಸಂಸಾರನೂ ಹಂಗ ಅಲ್ರೀ?" ಎಂದು ಅವರು ನಕ್ಕರು. ವಿವಾಹ ಸಿದ್ಧತೆಯ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ನಮಗೆ ತಿಳಿಯದು.

ಅವರ ಮನೆಯಾಕೆ ಹೆಂಗಸರ ಸಂಘವೊಂದರೊಡನೆ ಕಡಕ್ ರೊಟ್ಟಿ ಮಾಡಿ ಮಾರುತ್ತಾರೆ. ಬಿಸಿನೀರಿನಲ್ಲಿ ಹಿಟ್ಟು ನಾದಿ, ಕೈಯಿಂದ ತೆಳ್ಳಗೆ ತಟ್ಟಿ, ಹಂಚಿನ ಮೇಲೆ ಬೇಯಿಸಿ, ಆಮೇಲೆ ಸಣ್ಣ ಉರಿಯಲ್ಲಿ ಗರಿಗರಿಯಾಗುವ ತನಕ ಒಣಗಿಸಬೇಕು. ಹೀಗೆ ಮಾಡಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಸೊಲ್ಲಾಪುರದ ಶೇಂಗಾ ಚಟ್ನಿ. ಆ ಚಟ್ನಿಯನ್ನು ನೋಡಿದಾಗ ನಮಗೆ ಡೌರೊ ನದಿಯ ನೆನಪಾಯಿತು. ಶೇಂಗಾ, ಮೆಣಸಿನಕಾಯಿ ಎರಡರ ತವರೂ ದೂರದ ಅಮೆರಿಕ ಖಂಡ. ಮೆಣಸಿನಕಾಯಿಯನ್ನು ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ನಮ್ಮ ಮಾತಿನ ಬಟಾಟೆ, ಚಾವಿ, ಪಾವ್, ಪಾದ್ರಿ, ಅಷ್ಟೇಕೆ, ತುವಾಲು ಎಂಬ ಪದವೂ ಅವರದೇ. ಅವರ ಪದವನ್ನು ಎರವಲು ಪಡೆದ ನಾಡಿನಲ್ಲಿ ಇಂದು ಹಗಲಿರುಳು ತುವಾಲು ನೇಯುತ್ತಿದ್ದಾರೆ.

ಗಾಯಾದ ಸಂಗ್ರಹಾಲಯಗಳ ವಿಷಯ ಹೇಳಿದಾಗ ಆ ತಾಯಿ ಅಚ್ಚರಿಪಟ್ಟರು. "ಉಣ್ಣೋದನ್ನ ರೊಕ್ಕಾ ಕೊಟ್ಟು ನೋಡಾಕ ಹೋಗ್ತಾರೇನ್ರಿ? ಇಲ್ಲಿ ನಾವು ದಿನಾ ಬಡೀತೀವಿ, ನಮ್ಮ ಮಕ್ಕಳೇ ತಿರುಗಿ ನೋಡಂಗಿಲ್ಲ." ಮಾತು ತಮಾಷೆಯದೇ, ಆದರೆ ಅವರ ಹೈಸ್ಕೂಲು ಓದುವ ಮಗಳು ತಲೆ ತಗ್ಗಿಸಿದಳು. ಡಬ್ಬಿಯಲ್ಲಿ ರೊಟ್ಟಿ ಒಯ್ಯಲು ಅವಳಿಗೆ ನಾಚಿಕೆಯಂತೆ.

ನಾಚಿಕೆ ಯಾಕಮ್ಮ? ಅದೇ ಜಿಲ್ಲೆಯ ಮಂಗಳವೇಢೆಯ ಮಾಲದಂಡಿ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮುಂಗಾರಿನ ನೀರನ್ನು ಎರೆಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ಹಿಂಗಾರಿಯಲ್ಲಿ ಬಿತ್ತಿದ ಜೋಳ ಆ ಹಸಿಯಲ್ಲೇ ಬೆಳೆದು ಮಾಗುತ್ತದೆ. 1756ರಲ್ಲಿ ಪೋರ್ಚುಗಲ್ಲಿನವರು ತಮ್ಮ ದ್ರಾಕ್ಷಿಸೀಮೆಗೆ ಗಡಿ ಹಾಕಿದರಲ್ಲ, ಈ ಗುರುತೂ ಅಂಥದೇ: ಈ ರುಚಿ ಈ ಮಣ್ಣಿನದು, ಬೇರೆಲ್ಲಿಯದೂ ಅಲ್ಲ ಎಂದು ಹೇಳುವ ಮುದ್ರೆ. ಸೊಲ್ಲಾಪುರದ ಚಾದರಕ್ಕೂ ಟವೆಲ್ಲಿಗೂ ಅದೇ ಮಾನ್ಯತೆಯಿದೆ. ಹತ್ತಿರದ ನಾನ್ನಜ ಗ್ರಾಮದ ರೈತ ನಾನಾಸಾಹೇಬ ಕಾಳೆಯವರು ಆರಿಸಿ ಬೆಳೆಸಿದ ಸೋನಾಕಾ ಎಂಬ ಉದ್ದ ದ್ರಾಕ್ಷಿಯನ್ನು ನಾವೆಲ್ಲ ತಿಂದಿದ್ದೇವೆ, ಹೆಸರು ಮಾತ್ರ ತಿಳಿದಿರಲಿಲ್ಲ. ದ್ರಾಕ್ಷಾರಸವೂ ಅದೇ ಜಿಲ್ಲೆಯಲ್ಲಿದೆ. ನೀರಾ ನದಿಯ ಅಕ್ಲೂಜಿನ ಬಳಿ ಇಟಲಿಯ, ದೆಹಲಿಯ, ಅಕ್ಲೂಜಿನ ಮೂರು ಜೋಡಿ ಅಣ್ಣತಮ್ಮಂದಿರು ಸೇರಿ ತೋಟ ಮಾಡಿ, 'ಫ್ರಾತೆಲ್ಲಿ' ಎಂದು ಹೆಸರಿಟ್ಟಿದ್ದಾರೆ. ಇಟಾಲಿಯನ್ ಭಾಷೆಯಲ್ಲಿ ಹಾಗೆಂದರೆ ಅಣ್ಣತಮ್ಮಂದಿರು ಎಂದೇ ಅರ್ಥ.

ಕುಡಿತದ ಮಾತು

ಇಷ್ಟು ಓದಿದ ಕೆಲವು ತಾಯಂದಿರು, 'ಫಾದರ್, ದ್ರಾಕ್ಷಾರಸವನ್ನು ಇಷ್ಟು ಹೊಗಳಬೇಕೇ?' ಎನ್ನಬಹುದು. ಅವರ ಪ್ರಶ್ನೆ ನ್ಯಾಯವಾದದ್ದು. ಸಂಬಳದ ದಿನ ಗಂಡ ಹೇಗೆ ಮನೆಗೆ ಬರುತ್ತಾನೋ ಎಂದು ಬಾಗಿಲಲ್ಲಿ ನಿಲ್ಲುವವರ ಮುಂದೆ ಗಾಜಿನ ಬಟ್ಟಲುಗಳ ಸೊಗಸನ್ನು ಬಣ್ಣಿಸುವುದು ಸುಲಭವಲ್ಲ. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸರಕಾರ ಸೂಪರ್ ಮಾರ್ಕೆಟ್ಟುಗಳಲ್ಲಿಯೂ ವೈನ್ ಮಾರಬಹುದೆಂದು ತೀರ್ಮಾನಿಸಿದಾಗ, ದ್ರಾಕ್ಷಿ ಬೆಳೆಗಾರರಿಗೆ ಒಳಿತಾಗುತ್ತದೆಂದು ಒಂದು ಪಕ್ಷ, ಮನೆಗಳು ಹಾಳಾಗುತ್ತವೆಂದು ಇನ್ನೊಂದು ಪಕ್ಷ ವಾದಿಸಿದವು. ಬಲವಾದ ವಿರೋಧ ಬಂದು ಆ ತೀರ್ಮಾನ ನೆನೆಗುದಿಗೆ ಬಿತ್ತು.

ನಮಗೆ ತೋಚುವುದು ಇಷ್ಟು. ಕುಡಿತಕ್ಕೆ ಬಿದ್ದವನು ಬಟ್ಟಲಿನ ಹಿಂದೆ ಯಾರಿದ್ದಾರೆಂದು ನೋಡುವುದಿಲ್ಲ. ಬಳ್ಳಿ ಸವರಿದವನನ್ನೂ ನೋಡುವುದಿಲ್ಲ, ಮನೆಯಲ್ಲಿ ಹಸಿದು ಕುಳಿತವರನ್ನೂ ನೋಡುವುದಿಲ್ಲ. ಪೂಜಾಪೀಠದ ಮೇಲೆ ನಾವು ಎತ್ತಿ ಹಿಡಿಯುವುದೂ ದ್ರಾಕ್ಷಾರಸವೇ. ಅದು ಬೆರಕೆಯಿಲ್ಲದ ದ್ರಾಕ್ಷಿಯದೇ ಆಗಿರಬೇಕು, ಕೆಟ್ಟಿರಬಾರದು ಎಂಬುದು ಧರ್ಮಸಭೆಯ ನಿಯಮ. ಅರ್ಪಿಸುವಾಗ ಅದನ್ನು ದ್ರಾಕ್ಷಿಬಳ್ಳಿಯ ಫಲ ಎನ್ನುವುದರ ಜೊತೆಗೆ ಮಾನವರ ದುಡಿಮೆಯ ಫಲವೆಂದೂ ಹೇಳುತ್ತೇವೆ. ದುಡಿಮೆಯನ್ನು ಕಾಣುವ ಕಣ್ಣಿದ್ದರೆ ಬಟ್ಟಲು ಕಾಣಿಕೆಯಾಗುತ್ತದೆ. ಆ ಕಣ್ಣು ಮುಚ್ಚಿದರೆ ಅದೇ ಬಟ್ಟಲು ಮನೆಗೆ ಕೇಡು.

ಕಾನಾ ಊರಿನ ಮದುವೆಯನ್ನು ನೆನೆಯಿರಿ. ಆರು ಕಲ್ಲಿನ ಬಾನಿಗಳ ನೀರು ದ್ರಾಕ್ಷಾರಸವಾದಾಗ ರುಚಿ ನೋಡಿದ ಮೇಲ್ವಿಚಾರಕನಿಗೆ ಅದು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ನೀರು ತೋಡಿದ ಆಳುಗಳಿಗೆ ತಿಳಿದಿತ್ತು ಎಂದು ಸಂತ ಯೊವಾನ್ನರು ಮರೆಯದೆ ದಾಖಲಿಸಿದ್ದಾರೆ. ಪ್ರಥಮ ಅದ್ಭುತದ ಗುಟ್ಟು ಮೊದಲು ತಿಳಿದದ್ದು ಪಂಕ್ತಿಯಲ್ಲಿ ಕುಳಿತ ಹಿರಿಯರಿಗಲ್ಲ, ಕೊಡ ಹೊತ್ತ ಕೈಗಳಿಗೆ.

ಗಾಜಿನ ಹಿಂದೆ ಇಡಲಾಗದ್ದು

2025ರ ಮೇ 18ರ ಭಾನುವಾರ ನಸುಕಿನಲ್ಲಿ ಇದೇ ಅಕ್ಕಲಕೋಟ ರಸ್ತೆ ಎಂಐಡಿಸಿಯ ಜವಳಿ ಕಾರ್ಖಾನೆಯೊಂದಕ್ಕೆ ಬೆಂಕಿ ಬಿತ್ತು. ಎಂಟು ಜನ ಪ್ರಾಣ ಕಳೆದುಕೊಂಡರು. ಮಾಲೀಕರ ಮನೆಯವರೂ ಕೆಲಸಗಾರರೂ ಆ ಆವರಣದಲ್ಲೇ ವಾಸವಿದ್ದವರು. ಸತ್ತವರಲ್ಲಿ ಎಳೆಯ ಮಗುವೂ ಇತ್ತು. ಮುಖ ಒರೆಸುವ ಒಂದು ಟವೆಲ್ಲಿನ ಹಿಂದೆ ಇಂಥ ಮನೆಗಳಿವೆ. ಸಂಗ್ರಹಾಲಯದಲ್ಲಿ ಬಟ್ಟೆಯನ್ನು ಗಾಜಿನೊಳಗೆ ಇಟ್ಟು ದೀಪ ಹಾಕಬಹುದು. ಅದನ್ನು ನೇಯ್ದವರ ರಾತ್ರಿಪಾಳಿಯನ್ನು ಹಾಗೆ ಇಡಲಾಗದು. ಅದನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾದವರು ಒರೆಸಿಕೊಳ್ಳುವ ನಾವು.

ಗಾಯಾದವರು ಬರಿದಾದ ಉಗ್ರಾಣಗಳಲ್ಲಿ ತಮ್ಮ ಕಥೆಯನ್ನು ಕಾಪಾಡಿದರು, ಒಳ್ಳೆಯ ಕೆಲಸವನ್ನೇ ಮಾಡಿದರು. ನಮ್ಮ ಕಡೆ ಉಗ್ರಾಣ ಇನ್ನೂ ಬರಿದಾಗಿಲ್ಲ. ರೊಟ್ಟಿ ಬಡಿಯುವ ಸದ್ದು ಇದೆ, ಮಗ್ಗ ನಡೆಯುತ್ತಿದೆ, ಹೊಲದಲ್ಲಿ ಸೀತೆನಿ ಸುಡುತ್ತಾರೆ. ಇರುವಾಗಲೇ ಮಕ್ಕಳಿಗೆ ತೋರಿಸೋಣ.

ಧರ್ಮಕೇಂದ್ರದ ಕುಟುಂಬಗಳಿಗೆ ಈ ತಿಂಗಳು ನಮ್ಮದೊಂದು ಕೋರಿಕೆ. ರಜೆಯಲ್ಲಿ ಮಕ್ಕಳನ್ನು ಮಾಲ್‌ಗೆ ಕರೆದೊಯ್ಯುವ ಒಂದು ದಿನವನ್ನು ಬದಲಿಸಿ, ಒಂದು ದ್ರಾಕ್ಷಿ ತೋಟಕ್ಕೋ ಮಗ್ಗದ ಮನೆಗೋ ಹಿಟ್ಟಿನ ಗಿರಣಿಗೋ ಕರೆದೊಯ್ಯಿರಿ. ಕೆಲಸ ಮಾಡುವವರ ಹೆಸರು ಕೇಳಲು ಹೇಳಿಕೊಡಿ. ರಾತ್ರಿ ಊಟದ ಪ್ರಾರ್ಥನೆಯಲ್ಲಿ ಆ ಹೆಸರನ್ನು ಸೇರಿಸಿ. ನಾಳೆ ಡಬ್ಬಿಯಲ್ಲಿ ರೊಟ್ಟಿ ಕಟ್ಟಿದಾಗ ಮಗಳು ಬೇಡವೆನ್ನುವ ಮುಂಚೆ ಅದರ ಕಥೆಯನ್ನು ಅವಳಿಗೆ ಹೇಳಿರಿ.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ. ದೇವರು ನಿಮ್ಮ ಮನೆಯ ಊಟವನ್ನೂ, ಅದನ್ನು ಒದಗಿಸಿದ ಕೈಗಳನ್ನೂ ಹರಸಲಿ.