ಅಸೈನ್‌ಮೆಂಟು ಬಾರದಿದ್ದರೆ ಕನ್ನಡವನ್ನು ದೂರಬೇಡಿ

ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗ, ರಾಯದುರ್ಗ ಸೀಮೆಯ ಕನ್ನಡ ಪಾಲಕ ಬಂಧುಗಳೇ,

ಈಚೆಗೆ ಒಂದೇ ಮಾತು ಪದೇ ಪದೇ ನನ್ನ ಕಿವಿಗೆ ಬೀಳುತ್ತಿದೆ. "ಮೇಷ್ಟ್ರೇ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿಸಿ ತಪ್ಪು ಮಾಡಿದೆವು. ಡಿಗ್ರಿಯಲ್ಲಿ ಪ್ರಾಜೆಕ್ಟು ಕೊಟ್ಟಿದ್ದಾರೆ, ಮಗಳಿಗೆ ಒಂದು ಪುಟ ಬರೆಯಲು ಬರುತ್ತಿಲ್ಲ. ಕಿರಿಯವನನ್ನಾದರೂ ಇಂಗ್ಲಿಷ್ ಮೀಡಿಯಂಗೆ ಹಾಕುತ್ತೇವೆ." ನಿಮ್ಮ ಸಂಕಟ ನಿಜ. ಆದರೆ ರೋಗವೊಂದು, ನೀವು ಹುಡುಕುವ ಮದ್ದು ಇನ್ನೊಂದು.

ಇಂಗ್ಲಿಷ್ ಮಾಧ್ಯಮದಿಂದ ಬಂದ ಮಕ್ಕಳು ಪ್ರಾಜೆಕ್ಟನ್ನು ಸ್ವತಃ ಬರೆಯುತ್ತಿರುವರೆಂದು ಭಾವಿಸಿದ್ದೀರಾ? ಜೆರಾಕ್ಸ್ ಅಂಗಡಿಗಳ ಮುಂದೆ ಒಂದು ಸಂಜೆ ನಿಂತು ನೋಡಿ. ಹಣ ತೆತ್ತರೆ ಪ್ರಾಜೆಕ್ಟು ಬೈಂಡಾಗಿ ಕೈಗೆ ಬರುತ್ತದೆ. ಅಲ್ಲಿ ನಿಂತಿರುವವರಲ್ಲಿ ಎಲ್ಲ ಮಾಧ್ಯಮದವರೂ ಇದ್ದಾರೆ. ಕೊರತೆಯಿರುವುದು ಭಾಷೆಯಲ್ಲಲ್ಲ, ಪ್ರಶ್ನೆ ಕೇಳುವ ಅಭ್ಯಾಸದಲ್ಲಿ. ಆ ಅಭ್ಯಾಸವನ್ನು ಕಲಿಸದ ಅಪರಾಧದಲ್ಲಿ ನನ್ನ ಪಾಲೂ ಇದೆ. ಗೈಡಿನ ಉತ್ತರವನ್ನು ಹಲಗೆಯ ಮೇಲೆ ಬರೆದು, ಮಕ್ಕಳಿಂದ ನಕಲು ಮಾಡಿಸಿ, ನೂರಕ್ಕೆ ನೂರು ಫಲಿತಾಂಶವೆಂದು ಹಿಗ್ಗಿದವರಲ್ಲಿ ನಾನೂ ಒಬ್ಬ.

ಕಲ್ಯಾಣದುರ್ಗದ ಕಡೆಯ ರೈತರೊಬ್ಬರ ಮಗಳು, ನನ್ನ ಹಳೆಯ ವಿದ್ಯಾರ್ಥಿನಿ, ಪದವಿಯ ಮೊದಲ ವರ್ಷದಲ್ಲಿ ಮನೆಗೆ ಬಂದಿದ್ದಳು. ವಿಷಯ ಶೇಂಗಾ ಬೇಸಾಯ. ಕೈಯಲ್ಲಿ ಅಂಗಡಿಯಿಂದ ತಂದ ಇಪ್ಪತ್ತು ಪುಟ. ಅದರಲ್ಲಿದ್ದುದೆಲ್ಲ ಗುಜರಾತಿನ ಶೇಂಗಾ. "ನಿಮ್ಮಪ್ಪ ಈ ಸಲ ಎಷ್ಟು ಬೀಜ ಹಾಕಿದರಮ್ಮ? ಎಷ್ಟು ಚೀಲ ಬಂತು?" ಎಂದೆ. "ಗೊತ್ತಿಲ್ಲ ಸಾರ್, ಕೇಳಿಲ್ಲ" ಎಂದಳು. ಸಂಶೋಧನೆ ಅಲ್ಲಿಂದಲೇ ಆರಂಭವಾಯಿತು. ಹತ್ತು ಮನೆಗಳಿಗೆ ಹೋಗಿ ಬೀಜ, ಗೊಬ್ಬರ, ಕೂಲಿ, ಸಾಲ, ಇಳುವರಿ ಕೇಳಿ ಕನ್ನಡದಲ್ಲಿ ಗುರುತು ಹಾಕಿಕೊಂಡಳು. ಆ ಬಳಿಕ ಗೆಳತಿಯರ ನೆರವಿನಿಂದ ಇಂಗ್ಲಿಷಿಗೆ ತಂದಳು. ವ್ಯಾಕರಣ ಎಡವಿತ್ತು. ಆದರೆ ಮೌಖಿಕ ಪರೀಕ್ಷೆಯಲ್ಲಿ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು, ಏಕೆಂದರೆ ಅದು ಅವಳದೇ ಕೆಲಸ.

ಮಾರ್ಗ ಇಷ್ಟೇ. ಮೊದಲು ವಿಷಯವನ್ನು ಕಿರಿದು ಮಾಡಬೇಕು: "ನೀರಾವರಿ" ಎಂಬುದು ವಿಷಯ, "ನಮ್ಮೂರಿನ ಕೆರೆ ಯಾವಾಗಿನಿಂದ ತುಂಬಿಲ್ಲ, ಏಕೆ?" ಎಂಬುದು ಪ್ರಶ್ನೆ. ಬಳಿಕ, ಯಾರು ಬಲ್ಲರು, ಯಾವ ದಾಖಲೆಯಲ್ಲಿದೆ ಎಂದು ಪಟ್ಟಿ ಮಾಡಬೇಕು. ಓದಿದ ಪ್ರತಿಯೊಂದಕ್ಕೂ ಪುಸ್ತಕ, ಲೇಖಕ, ವರ್ಷ, ಪುಟ ಗುರುತಿಸಿಕೊಳ್ಳಬೇಕು. ಪುಸ್ತಕ ಮುಚ್ಚಿ, ತಿಳಿದದ್ದನ್ನು ತನ್ನ ಮಾತಿನಲ್ಲಿ ಬರೆಯಬೇಕು. ಮೊದಲ ಕರಡು ಕನ್ನಡದಲ್ಲಿರಲಿ. ಒಪ್ಪಿಸುವುದು ಕಾಲೇಜು ಕೇಳಿದ ಭಾಷೆಯಲ್ಲಿ.

ಸಾಮಗ್ರಿಗೆ ನಮ್ಮಲ್ಲಿ ಬಡತನವೆ? ಮಡಕಶಿರಾ ಸೀಮೆಯ ಹೇಮಾವತಿಯು ಹೆಂಜೇರು ಎಂಬ ಹೆಸರಿನಲ್ಲಿ ನೊಳಂಬರ ರಾಜಧಾನಿಯಾಗಿತ್ತು. ಅವರ ಶಾಸನಗಳು ಕನ್ನಡದವು. ಹಿಂದೂಪುರದ ಮಗ್ಗುಲಲ್ಲೇ ಇರುವ ಲೇಪಾಕ್ಷಿಯ ಗೋಡೆಗಳ ಮೇಲೆಯೂ ಕನ್ನಡವಿದೆ. 'ದಕ್ಷಿಣ ಭಾರತ ಶಾಸನಗಳು' ಮಾಲೆಯ 9ನೆಯ ಸಂಪುಟ ಹಿಂದಿನ ಮದ್ರಾಸು ಪ್ರಾಂತದ ಕನ್ನಡ ಶಾಸನಗಳಿಗೇ ಮೀಸಲಾದುದು. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ಅನಂತಪುರ ಜಿಲ್ಲೆಗೆ ಡಬ್ಲ್ಯೂ. ಫ್ರಾನ್ಸಿಸ್ ಬರೆದ 1905ರ ಗೆಜೆಟಿಯರ್ ಇದೆ. 1894ರ ಕಿಟ್ಟೆಲ್ ಕೋಶ ಕನ್ನಡದಿಂದ ಇಂಗ್ಲಿಷಿಗೆ ಸೇತುವೆ. ಶಾಸನದ ಕನ್ನಡವನ್ನು, ಅಜ್ಜಿಯ ಕನ್ನಡವನ್ನು, ಕಚೇರಿಯ ತೆಲುಗನ್ನು, ಗೆಜೆಟಿಯರಿನ ಇಂಗ್ಲಿಷನ್ನು ಒಟ್ಟಿಗೆ ಓದಬಲ್ಲ ಮಗು ಈ ಗಡಿಯಲ್ಲದೆ ಬೇರೆಲ್ಲಿದೆ? ಈ ಸಂಪತ್ತನ್ನೇ ನೀವು ಹೊರೆಯೆಂದು ಎಸೆಯಲು ಹೊರಟಿದ್ದೀರಿ.

"ಹಾಗಾದರೆ ಇಂಗ್ಲಿಷ್ ಬೇಡವೆ?" ಎಂದು ಕೇಳುವಿರಿ. ಖಂಡಿತ ಬೇಕು, ಒಂದು ಭಾಷೆಯಾಗಿ, ಚೆನ್ನಾಗಿಯೇ ಬೇಕು. ಅದನ್ನು ಚೆನ್ನಾಗಿ ಕಲಿಸಿರೆಂದು ಶಾಲೆಯನ್ನು ಪೀಡಿಸಿ. ಶಾಲೆಯನ್ನೇ ಬಿಟ್ಟು ಓಡಬೇಡಿ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುತ್ತದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಮಗುವಿಗೆ ಯಾವ ವಿಧಿಯೂ ಮೇಷ್ಟ್ರನ್ನು ಕೊಡದು. ನಿಮ್ಮ ಮಗು ಹೊರಟರೆ ನಾಳೆ ಹುದ್ದೆ ಹೋಗುತ್ತದೆ, ನಾಡಿದ್ದು ಶಾಲೆ.

ಮುಂದಿನ ಪಾಲಕರ ಸಭೆಯಲ್ಲಿ ಒಂದೇ ಬೇಡಿಕೆ ಇಡಿ: ಆರರಿಂದ ಹತ್ತನೆಯ ತರಗತಿಯವರೆಗೆ ಪ್ರತಿ ಮಗುವೂ ವರ್ಷಕ್ಕೊಂದು ಪ್ರಶ್ನೆಯನ್ನು ತಾನೇ ಹುಡುಕಿ, ತಾನೇ ವಿಚಾರಿಸಿ, ತಾನೇ ಬರೆಯಲಿ. ಐದು ವರ್ಷಕ್ಕೆ ಐದಾಯಿತು. ಅಂಥ ಮಗು ಕಾಲೇಜಿನ ಮೊದಲ ಪ್ರಾಜೆಕ್ಟಿಗೆ ಹೆದರಿ ಜೆರಾಕ್ಸ್ ಅಂಗಡಿಗೆ ಓಡದು. ಮನೆಯಲ್ಲಿ ಮಗು "ಏಕಪ್ಪಾ?" ಎಂದು ಕೇಳಿದರೆ, "ಸುಮ್ಮನೆ ಓದಿಕೋ" ಎನ್ನಬೇಡಿ. ಓದು ಅಲ್ಲಿಂದಲೇ ಶುರುವಾಗುವುದು.