ಪಟ್ಟಿಯಲ್ಲಿಲ್ಲದ ಮಂಗಳೂರು

ಮಂಗಳೂರಿಗೆ ಬಂದ ನೆಂಟರಿಗೆ ಊರು ತೋರಿಸುವವರ ದಾರಿ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಕದ್ರಿ, ಅಲ್ಲಿಂದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್, ಊಟದ ಮೇಲೆ ಮಂಗಳಾದೇವಿ, ಬಿಸಿಲು ಇಳಿದ ಮೇಲೆ ಸುಲ್ತಾನ್ ಬತ್ತೇರಿ, ಕೊನೆಗೆ ಕಡಲತೀರ. ಮರುದಿನ ಬಿಡುವಿದ್ದರೆ ಮೂಡುಬಿದಿರೆ, ಕಾರ್ಕಳ. ಇವೆಲ್ಲ ನೋಡಲೇಬೇಕಾದ ಜಾಗಗಳು, ಸಂಶಯವಿಲ್ಲ. ನನ್ನ ತಕರಾರು ಬೇರೆ. ಈ ಪಟ್ಟಿಯಲ್ಲಿ ಹಳೆ ಬಂದರು ಇಲ್ಲ. ಊರನ್ನು ಊರಾಗಿ ಮಾಡಿದ್ದೇ ಬಂದರು. ಅದನ್ನು ಬಿಟ್ಟು ಅದರ ಪರಂಪರೆಯನ್ನು ನೋಡಿ ಮುಗಿಸಿದೆವು ಎನ್ನಬಹುದೇ?

ನಮ್ಮಲ್ಲಿ ಸ್ಮಾರಕ ಎಂದರೆ ಪೂಜೆ, ಪ್ರಾರ್ಥನೆ ನಡೆದ ಜಾಗ, ಇಲ್ಲವೇ ಕಾದಾಟ ನಡೆದ ಜಾಗ. ಜನ ದುಡಿದ ಜಾಗಕ್ಕೆ ಆ ಮರ್ಯಾದೆ ಸಿಗುವುದು ಅಪರೂಪ. ಕಣಿವೆ, ಬಯಲುಸೀಮೆಯ ಊರುಗಳಿಗೆ ಈ ರೂಢಿಯಿಂದ ಆಗುವ ನಷ್ಟ ಕಡಿಮೆ ಇರಬಹುದು. ಕರಾವಳಿಯ ಊರಿಗೆ ಮಾತ್ರ ಇದು ದೊಡ್ಡ ನಷ್ಟ, ಏಕೆಂದರೆ ಇಲ್ಲಿ ಗುಡಿ, ಬಸದಿ, ಮಸೀದಿ, ಇಗರ್ಜಿ ಎಲ್ಲದರ ಹಿಂದೆಯೂ ಹಡಗಿನ ಹಣವಿದೆ.

ಹನ್ನೆರಡನೆಯ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿದ್ದ. ಹಿತ್ತಾಳೆ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ. ಇಲ್ಲಿಂದ ಏಡನ್‌ಗೆ ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ, ಅಲ್ಲಿಂದ ಬರೆಯುವ ಕಾಗದ ತರಿಸಿಕೊಳ್ಳುತ್ತಿದ್ದ. ಅವನ ವ್ಯವಹಾರ ನೋಡಿಕೊಂಡು ಏಡನ್‌ವರೆಗೂ ಹೋಗಿಬರುತ್ತಿದ್ದ ಬೊಮ್ಮನೆಂಬ ಆಳಿನ ಹೆಸರು ಬೆನ್ ಯಿಜುವಿನ ಪತ್ರಗಳಲ್ಲಿ ಉಳಿದಿದೆ. ಪತ್ರಗಳು ಸಿಕ್ಕಿದ್ದು ಕೈರೋದ ಹಳೆಯ ಸಿನಗಾಗ್ ಒಂದರಲ್ಲಿ. ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದಿನ ಮಂಗಳೂರಿನ ದಿನನಿತ್ಯದ ಲೆಕ್ಕಾಚಾರ ಇಷ್ಟು ಹತ್ತಿರದಿಂದ ಕಾಣಿಸುವ ಆಧಾರಗಳು ತೀರ ಕಡಿಮೆ. ಅದನ್ನು ನೆನಪಿಸುವ ಒಂದು ಫಲಕವಾದರೂ ಬಂದರಿನ ಬೀದಿಯಲ್ಲಿ ಬೇಡವೇ?

ಮೂಡುಬಿದಿರೆ ಪಟ್ಟಿಯಲ್ಲಿದೆ, ನಿಜ. 1430ರ ಸಾವಿರ ಕಂಬದ ಬಸದಿಗೆ ಹೋದವರು ಕಂಬಗಳನ್ನು ನೋಡಿ ಬೆರಗಾಗುತ್ತಾರೆ, ಎಣಿಸಲೂ ನೋಡುತ್ತಾರೆ. ಅಲ್ಲಿನ ಭೈರಾದೇವಿ ಮಂಟಪದ ಜಗಲಿಯ ಕಲ್ಲಿನಲ್ಲಿ ಒಂದು ಜಿರಾಫೆ ಇದೆ, ಚೀನಾದ ಡ್ರ್ಯಾಗನ್ನೂ ಇದೆ. ಗೇಣುದ್ದದ ಕೆತ್ತನೆಗಳು, ತಲೆಯೆತ್ತಿ ನಡೆಯುವವರ ಕಣ್ಣಿಗೆ ಬೀಳುವುದಿಲ್ಲ. ಸಮುದ್ರದಿಂದ ಇಷ್ಟು ಒಳಗಿರುವ ಜೈನ ಬಸದಿಗೆ ಆಫ್ರಿಕಾದ ಪ್ರಾಣಿ ಬಂದದ್ದು ಹೇಗೆ? ಹಡಗಿನ ದಾರಿಯಲ್ಲೇ ಬಂದಿರಬೇಕು. ಪ್ರಾಣಿಯಾಗಿ ಅಲ್ಲದಿದ್ದರೆ ಕಂಡವರ ಮಾತಾಗಿ. ಬಂದರನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದವರಿಗೆ ಈ ಜಿರಾಫೆ ಬಸದಿಯ ಬಗ್ಗೆ ಬೇರೆಯದೇ ಕಥೆ ಹೇಳುತ್ತದೆ. ಸುಲ್ತಾನ್ ಬತ್ತೇರಿಯೂ ಹಾಗೆಯೇ. 1784ರಲ್ಲಿ ಟಿಪ್ಪು ಕಟ್ಟಿಸಿದ ಆ ಕಾವಲು ಬುರುಜಿನ ಕಿಂಡಿಗಳು ಗುರುಪುರ ಹೊಳೆಯ ಕಡೆ ಮುಖ ಮಾಡಿವೆ. ಹೊಳೆಯೊಳಗೆ ನುಗ್ಗಬಹುದಾದ ಹಡಗುಗಳ ಭಯ ಗೊತ್ತಿಲ್ಲದಿದ್ದರೆ ಅದು ಫೋಟೊ ತೆಗೆಯಲು ಹತ್ತಿಳಿಯುವ ಕಲ್ಲಿನ ಮೆಟ್ಟಿಲು ಅಷ್ಟೆ.

ಆದರೆ ನನ್ನನ್ನು ಹೆಚ್ಚು ಕಾಡುವುದು ಹಂಚಿನ ಕಾರ್ಖಾನೆಗಳು. 1865ರಲ್ಲಿ ಕ್ರೈಸ್ತ ಧರ್ಮಪ್ರಚಾರಕರಾದ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಹಂಚಿನ ಕಾರ್ಖಾನೆ ಶುರುಮಾಡಿದರು. ಮತಾಂತರವಾಗಿ ಕುಲಕಸುಬು, ಆಸರೆ ಎರಡನ್ನೂ ಕಳೆದುಕೊಂಡವರಿಗೆ ಅನ್ನದ ದಾರಿ ಬೇಕಿತ್ತು. ನೇಯ್ಗೆ, ಮುದ್ರಣ, ಹಂಚು ಹಾಗೆ ಬಂದ ಉದ್ಯಮಗಳು. ಮುಂದೆ ಊರಿನವರೇ ಕಾರ್ಖಾನೆ ಹಾಕಿದರು. ಹೊಳೆದಡದ ಜೇಡಿಮಣ್ಣು ದೋಣಿಯಲ್ಲಿ ಬರುತ್ತಿತ್ತು, ಅರೆದು ಅಚ್ಚೊತ್ತಿ ನೆರಳಲ್ಲಿ ಒಣಗಿಸಿ ಸುಡುತ್ತಿದ್ದರು, ಸುಟ್ಟ ಹಂಚು ಅದೇ ಹೊಳೆಯ ದಾರಿಯಲ್ಲಿ ಬಂದರಿಗೆ, ಬಂದರಿನಿಂದ ಮುಂಬಯಿಗೆ, ಸಿಲೋನಿಗೆ, ಪೂರ್ವ ಆಫ್ರಿಕಾಕ್ಕೆ ಹೋಗುತ್ತಿತ್ತು. ಹಳೆಯ ಮನೆಯ ಅಟ್ಟದಲ್ಲಿ ನಿಂತು ಮಾಡಿನತ್ತ ಕತ್ತೆತ್ತಿದರೆ ಹಂಚಿನ ಹೊಟ್ಟೆಯ ಮೇಲೆ ಕಾರ್ಖಾನೆಯ ಹೆಸರು, ಇಸವಿ ಇಂದಿಗೂ ಓದಲು ಸಿಗುತ್ತವೆ. ಮಂಗಳೂರೆಂಬ ಹೆಸರನ್ನು ಅಷ್ಟು ದೂರದ ಮನೆಮನೆಗೂ ಒಯ್ದ ಇನ್ನೊಂದು ವಸ್ತು ನನಗೆ ತೋಚುವುದಿಲ್ಲ. ಆರ್‌ಸಿಸಿ ತಾರಸಿ ಬಂತು, ಮಣ್ಣು ಸಿಗುವುದು ಕಷ್ಟವಾಯಿತು, ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಹೊಳೆಬದಿಯ ಆ ಜಾಗಕ್ಕೆ ಈಗ ಚಿನ್ನದ ಬೆಲೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಪಾಳುಬಿದ್ದ ಕಾರ್ಖಾನೆ, ಗೋದಾಮುಗಳನ್ನೆಲ್ಲ ಉಳಿಸುತ್ತ ಹೋದರೆ ಊರು ಬೆಳೆಯುವುದೆಲ್ಲಿ? ಮಾಲೀಕನ ಹೊಟ್ಟೆಪಾಡೇನು? ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು. ಜನ ಬಿಟ್ಟುಹೋದ ಹಂಚಿನ ಮನೆಯಲ್ಲಿ ಒಂದು ಹಂಚು ಜಾರಿದರೆ ಸಾಕು. ಪಕ್ಕಾಸು ನೆನೆದು ಗೆದ್ದಲು ಹತ್ತಿ, ಕೆಲವೇ ಮಳೆಗಾಲಗಳಲ್ಲಿ ಮಾಡು ನೆಲ ಸೇರುತ್ತದೆ. ಇಲ್ಲಿ ಕಟ್ಟಡವನ್ನು ಉಳಿಸುವುದು ಬೇಲಿಯಲ್ಲ, ಬಳಕೆ. ಕದ್ರಿಯ ಲೋಕೇಶ್ವರನ ಕಂಚಿನ ಮೂರ್ತಿಯನ್ನೇ ನೋಡಿ. ಆಳುಪ ಅರಸು ಕುಂದವರ್ಮ 968ರಲ್ಲಿ ವಿಹಾರವೊಂದರಲ್ಲಿ ಪ್ರತಿಷ್ಠಾಪಿಸಿದ ಮೂರ್ತಿ ಅದು. ಬೌದ್ಧರು ಹೋದರು, ನಾಥಪಂಥದ ಜೋಗಿಗಳು ಬಂದರು, ಗುಡಿ ಮಂಜುನಾಥನದಾಯಿತು. ಜನ ಕೈಮುಗಿಯುವುದನ್ನು ನಿಲ್ಲಿಸಲಿಲ್ಲ, ಮೂರ್ತಿ ಉಳಿಯಿತು.

ಈ ಉದಾಹರಣೆ ಆಕ್ಷೇಪಕ್ಕಿಂತ ನನ್ನ ವಾದಕ್ಕೇ ಹತ್ತಿರ ಎಂದುಕೊಂಡಿದ್ದೇನೆ. ಕದ್ರಿಗೆ ಪ್ರವಾಸಿಗಳ ಅಗತ್ಯವಿಲ್ಲ; ಭಕ್ತರಿದ್ದಾರೆ. ಅಲೋಶಿಯಸ್ ಚಾಪೆಲ್ಲಿಗೂ ಕಾಯುವವರಿದ್ದಾರೆ. ಆಂಟೋನಿಯೊ ಮೊಸ್ಕೇನಿ 1899ರಿಂದ ಗೋಡೆ, ಚಾವಣಿಗಳ ತುಂಬ ಬಿಡಿಸಿದ ಚಿತ್ರಗಳಿಗೆ ತೇವ ಹಿಡಿದಾಗ 1990ರ ದಶಕದಲ್ಲಿ ಅವುಗಳ ಜೀರ್ಣೋದ್ಧಾರವಾಯಿತು. ಭಟ್ಟಿ ಆರಿದ ಕಾರ್ಖಾನೆಗೆ ಯಾರಿದ್ದಾರೆ? ಹೊರಗಿನವರು ನೋಡಲು ಬರುವುದರಿಂದ ನಿಜವಾಗಿ ಪ್ರಯೋಜನವಾಗುವುದು ಇಂಥ ಜಾಗಗಳಿಗೆ. ಎಲ್ಲವನ್ನೂ ಉಳಿಸಿ ಎಂದು ನಾನು ಹೇಳುತ್ತಿಲ್ಲ. ಒಂದು ಚಿಮಣಿ, ಒಂದು ಭಟ್ಟಿ, ಬಂದರಿನ ಒಂದು ಹಳೆ ಗೋದಾಮು ಉಳಿಯಲಿ. ಗೋದಾಮಿನಲ್ಲಿ ಹೋಟೆಲು ನಡೆದರೂ ನಡೆಯಲಿ. ಕೇಂದ್ರದ 1958ರ ಕಾಯ್ದೆಯಂತೆ ಸ್ಮಾರಕಕ್ಕೆ ಕನಿಷ್ಠ ನೂರು ವರ್ಷ ಆಗಿರಬೇಕು. ಜೆಪ್ಪುವಿನ ಉದ್ಯಮ ಆ ಗಡಿಯನ್ನು 1965ರಲ್ಲೇ ದಾಟಿತು, ಹಾಗಾಗಿ ವಯಸ್ಸಿನ ನೆಪ ಇಲ್ಲಿ ನಡೆಯುವುದಿಲ್ಲ.

ದೊಡ್ಡ ಹಡಗುಗಳೆಲ್ಲ 1970ರ ದಶಕದಲ್ಲಿ ಪಣಂಬೂರಿನ ನವ ಮಂಗಳೂರು ಬಂದರಿಗೆ ಹೋದವು. ಹಳೆ ಬಂದರಿನಲ್ಲಿ ಲಕ್ಷದ್ವೀಪದ ಮಂಜಿಗಳು ತರಕಾರಿ, ಜಲ್ಲಿ ತುಂಬಿಕೊಂಡು ಹೋಗುವುದನ್ನು ಮಾತ್ರ ಬಿಟ್ಟಿಲ್ಲ. ನೆಂಟರನ್ನು ಒಂದು ಬೆಳಿಗ್ಗೆ ಅಲ್ಲಿಗೆ ಕರೆದೊಯ್ಯಬಹುದು; ದಾರಿಯಲ್ಲೇ ಜೀನತ್ ಬಕ್ಷ್ ಮಸೀದಿಯ ಕೆತ್ತನೆಯ ಮರದ ಕಂಬಗಳೂ ಇವೆ. ಮತ್ತೆ, ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತವರು, ಅಚ್ಚೊತ್ತಿದವರು, ಭಟ್ಟಿಗೆ ಬೆಂಕಿ ಹಾಕಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ಬಹಳಷ್ಟು ಹೆಂಗಸರು. ಅವರನ್ನು ಕೂರಿಸಿ ಕೇಳಿ ದಾಖಲಿಸಲು ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ. ಊರಿನ ಕಾಲೇಜುಗಳ ಇತಿಹಾಸ ವಿಭಾಗಗಳು ಈ ವರ್ಷವೇ ಶುರುಮಾಡಬಹುದಾದ ಕೆಲಸ ಇದು.