ಪೊರಕೆಯೂ ಸೇವೆಯಂತೆ!

‘ಸಭೆಗೆ ಸೇವೆ ಮಾಡಿ’ ಅಂತ ಭಾನುವಾರ ಭಾನುವಾರ ಪೀಠದ ಮೇಲಿಂದ ಕರೆ ಬರುತ್ತೆ. ಸ್ವಾಮಿ, ನಾವು ಮಾಡದೆ ಬಿಟ್ಟಿದ್ದು ಯಾವಾಗ? ಗುಡಿಯ ಕಸ ಹೊಡೆದೋರು ನಾವು, ಹಬ್ಬದ ತೇರಿಗೆ ಹೆಗಲು ಕೊಟ್ಟೋರು ನಾವು, ಸತ್ತೋರ ಗುಂಡಿ ತೋಡಿದೋರು ನಾವು. ವಾಚನ ಓದೋದು, ಕಾಣಿಕೆ ಎಣಿಸೋದು ಮಾತ್ರ ಮೇಲಿನ ಬೀದಿಯ ಸೇವೆ! ಕೇರಿಯಿಂದ ಮೊದಲು ಬಿ.ಎ. ಮಾಡಿದ ನಾವು ವಾಚನಕ್ಕೆ ಹೆಸರು ಕೊಟ್ಟರೆ, ‘ಮೊದಲು ಬೆಂಚು ಒರೆಸಿ, ದೀನತೆ ಕಲೀರಿ’ ಅಂದರು. ದೀನತೆಯಂತೆ! ನಮ್ಮ ಅಜ್ಜ ಮುತ್ತಜ್ಜಂದಿರು ಅದನ್ನೇ ಕಲಿತು ಕಲಿತು ಬೆನ್ನು ಬಗ್ಗಿಹೋದದ್ದು ಸಾಲದೇ?

ಇದು ಹೊಟ್ಟೆಕಿಚ್ಚಿನ ಮಾತಲ್ಲ. ಸಭೆಯೊಳಗೆ ಅಸ್ಪೃಶ್ಯತೆ ಇದೆ ಎಂದು ಭಾರತದ ಕಥೋಲಿಕ ಬಿಷಪ್ಪರ ಮಂಡಳಿಯೇ 2016ರಲ್ಲಿ ಬರೆದು ಒಪ್ಪಿದೆ. ದಲಿತನೊಬ್ಬ, ಹೈದರಾಬಾದಿನ ಅಂತೋಣಿ ಪೂಲಾ, ಕಾರ್ಡಿನಲ್ ಆಗಲು 2022 ಬರಬೇಕಾಯಿತು. ಸರ್ಕಾರವೋ, 1950ರ ಆದೇಶವನ್ನು ಸಿಖ್ಖರಿಗಾಗಿ 1956ರಲ್ಲಿ, ಬೌದ್ಧರಿಗಾಗಿ 1990ರಲ್ಲಿ ತಿದ್ದಿತು. ಶಿಲುಬೆ ಹೊತ್ತ ಹೊಲೆಯ ಮಾದಿಗರಿಗೆ ಪರಿಶಿಷ್ಟರ ಪಟ್ಟಿ ಇವತ್ತಿಗೂ ಮುಚ್ಚಿದ ಬಾಗಿಲು. ಊರಿಗೆ ನಾವು ಹೊಲೆಯರು, ಕಚೇರಿಗೆ ಕ್ರೈಸ್ತರು, ಗುಡಿಗೆ ಜಾಡಮಾಲಿಗಳು. (ನಮ್ಮೊಳಗಿನ ಎಡ-ಬಲವನ್ನೂ ನಾವಿನ್ನೂ ಬಿಟ್ಟಿಲ್ಲ, ಒಪ್ಪಿಕೊಳ್ಳೋಣ.)

ಸೇವೆಗೆ ನಾವು ತಯಾರು. ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಇರಲೇಬೇಕು ಅನ್ನುತ್ತೆ 1983ರ ಧರ್ಮಸಭೆಯ ಕಾನೂನಿನ 537ನೇ ಕಲಮು. ಉಪದೇಶಿಯ ಕೆಲಸವನ್ನು 2021ರಲ್ಲಿ ಪೋಪ್ ಫ್ರಾನ್ಸಿಸ್ ಹೆಂಗಸರು ಗಂಡಸರು ಇಬ್ಬರಿಗೂ ಅಧಿಕೃತ ಸೇವಾಪದವಿ ಮಾಡಿದರು. ಸಮಿತಿಗೆ ನಮ್ಮ ಹುಡುಗರ, ಉಪದೇಶಕ್ಕೆ ನಮ್ಮ ಅಕ್ಕಂದಿರ ಹೆಸರು ಬರೆದು ಪಾದ್ರಿಗಳ ಕೈಗೆ ಕೊಟ್ಟಿದ್ದೇವೆ. ಕಸ ಹೊಡೆಯೋ ಪಾಳಿಯ ಪಟ್ಟಿಯನ್ನೂ ಜೊತೆಗೇ ಕೊಟ್ಟಿದ್ದೇವೆ. ಅದರಲ್ಲಿ ಮೇಲಿನ ಬೀದಿಯವರ ಹೆಸರೂ ಇವೆ.